ಏಣಿಯ ಬುಡದಲ್ಲಿ ಬೂಬಮ್ಮ

ಅಂಗಡಿಯಲ್ಲಿ ಕೊಬ್ಬರಿ ಒಡೆದ ವಾಸನೆ ಬಂದರೆ ಇಂದಿಗೂ ನನ್ನ ಎದೆ ಬಿಗಿಯುತ್ತದೆ.

ಎಪ್ಪತ್ತರ ದಶಕದ ಕೊನೆ. ಪಂಚನಹಳ್ಳಿಯ ನಮ್ಮ ಮನೆಯ ಬಿದಿರಿನ ಅಟ್ಟದಲ್ಲಿ ತೆಂಗಿನಕಾಯಿಗಳು ಸಿಪ್ಪೆ ಸಮೇತ ವರ್ಷವಿಡೀ ಒಣಗುತ್ತಿದ್ದವು. ಒಳಗೆ ಕೊಬ್ಬರಿಯಾಗಿದೆಯೋ ಇಲ್ಲವೋ ಎಂದು ಕಾಯಿ ಅಲ್ಲಾಡಿಸಿಯೇ ಹೇಳಬಲ್ಲ ಬೂಬಮ್ಮ ಕಾಯಿ ಆರಿಸಲು ಕಡೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಹತ್ತು ವರ್ಷದ ನನಗೂ ಆ ಕೆಲಸ ಕಲಿಸುತ್ತಿದ್ದಳು. "ರಾಶಿ ತುದೀಲಿ ತಗೀಬೇಕು ಕಣೇ, ಬುಡಕ್ಕೆ ಕೈ ಹಾಕ್ಬ್ಯಾಡ" ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಒಬ್ಬಳೇ ಅಟ್ಟ ಹತ್ತಿ ಬುಡದ ಕಾಯಿಯನ್ನೇ ಎಳೆದೆ. ರಾಶಿ ಜಾರಿತು. ಎದೆಯವರೆಗೆ ಹೂತುಹೋದೆ. ಉಸಿರು ಬಿಟ್ಟಾಗಲೆಲ್ಲ ಕಾಯಿಗಳು ಇನ್ನಷ್ಟು ಒತ್ತುತ್ತಿದ್ದವು. ನನ್ನ ಕೂಗಿಗೆ ಅಪ್ಪ ಓಡಿಬಂದು ಏಣಿಗೆ ಕಾಲಿಟ್ಟರು. ಹಿಂದೆಯೇ ಬಂದ ಬೂಬಮ್ಮ ತಡೆದಳು.

"ಹತ್ಬ್ಯಾಡ್ರೀ, ಅಟ್ಟದ್ ಗಳ ಆಗ್ಲೇ ಲಟಕ್ ಅಂತಾವೆ. ನಿಮ್ ಭಾರಕ್ಕೆ ಎಲ್ಲಾ ಕುಸೀತದೆ."

ಆಮೇಲೆ ನನಗೆ ಕೂಗಿದಳು. "ಕೈ ಆಡ್ತಾವಾ? ಮೇಲಿನ್ ಕಾಯಿ ತಗೊಂಡು ಅಲ್ಲಾಡ್ಸು. ಏನೈತೆ?"

"ನೀರು" ಎಂದೆ, ಸರಿಯಾಗಿ ಅಲ್ಲಾಡಿಸದೆಯೇ, ಅಳುತ್ತ.

"ಸುಳ್ಳೇಳ್ತೀಯೇನೇ ಕಳ್ಳಿ! ಇನ್ನೊಂದ್ಸಲ."

ಅಲ್ಲಾಡಿಸಿದೆ. ಒಳಗೆ ಗಟ್ಟಿ ಉಂಡೆ ಬಡಿಯಿತು. "ಕೊಬ್ಬರಿ."

"ಹಾಂ. ಕೆಳಕ್ ಹಾಕು, ಇನ್ನೊಂದ್ ತಗೊ."

ನೀರು, ಕೊಬ್ಬರಿ, ಕೊಬ್ಬರಿ, ನೀರು ಎಂದು ಹೇಳುತ್ತ ಒಂದೊಂದೇ ಎಸೆದೆ. ಅಳು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ನನ್ನ ಮೊಣಕಾಲು ನನಗೆ ಕಂಡಾಗ ಬಿಸಿಲು ಇಳಿದಿತ್ತು.

ಕೆಳಗಿಳಿದ ನನ್ನನ್ನು ಬೂಬಮ್ಮ ತಬ್ಬಲಿಲ್ಲ, ಬೈಯಲೂ ಇಲ್ಲ. ಏಣಿಯನ್ನು ಹಿಡಿದಿದ್ದ ಅವಳ ಕೈಗಳು ಬಿಗಿದುಕೊಂಡಿದ್ದವು. ಆ ಬೆರಳುಗಳನ್ನು ಅಪ್ಪನೇ ಒಂದೊಂದಾಗಿ ಬಿಡಿಸಬೇಕಾಯಿತು.