ಏಳನೇ ಸೀಸೆ

"ಮೂರನೇ ಸಲಾನೂ ಅದೇ ದೋಷ ಕಾಣಿಸ್ತಿದೆ. ಏಳನೇದು ಎಲ್ಲೋ ಕಲಬೆರಕೆ ಆಗಿರ್ಬೇಕು, ಬಿಸಾಕೋಣ್ವಾ?" ಎಂದು ಸಹೋದ್ಯೋಗಿ ಕೇಳಿದಾಗ ಸಂಶೋಧಕಿ ಆ ಪುಟ್ಟ ಸೀಸೆಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

ತಾಯಿಯಿಂದ ಮಕ್ಕಳಿಗೆ ಇಳಿಯುವ ಕ್ಯಾನ್ಸರಿನ ದೋಷವನ್ನು ಹಲ್ಲಿನೊಳಗಿನ ಜೀವಕೋಶಗಳಲ್ಲಿ ಹುಡುಕುವುದು ಅವರ ಕೆಲಸ. ರೋಗಿಗಳ ಹಲ್ಲಿನ ಜೊತೆ ಹೋಲಿಸಲು ಆರೋಗ್ಯವಂತರ ಹಲ್ಲೂ ಬೇಕು. ಆ ಸಾಲಿಗೆ ಒಂದು ಕಡಿಮೆ ಬಿದ್ದಾಗ, ದಂತವೈದ್ಯರು ಕಿತ್ತ ಅಕ್ಕನ ದವಡೆಹಲ್ಲನ್ನು ಇವಳೇ ತಂದು ಸೇರಿಸಿದ್ದಳು. "ಗುಂಡುಕಲ್ಲಿನ ಹಾಗಿದ್ದೀನಿ, ತಗೊಂಡು ಹೋಗೇ" ಎಂದು ಅಕ್ಕ ಊದಿದ ಕೆನ್ನೆಯಲ್ಲೇ ನಕ್ಕಿದ್ದಳು. ಏಳನೆಯದು ಯಾರದೆಂದು ಇವಳೊಬ್ಬಳಿಗೇ ಗೊತ್ತು.

"ಬೇಡ, ಇರ್ಲಿ" ಎಂದವಳೇ ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿದಳು. ಸೀಸೆ ಇನ್ನೂ ಮುಷ್ಟಿಯಲ್ಲೇ ಇತ್ತು.

"ಏನೇ, ನನ್ನ ಹಲ್ಲಿಗೆ ಬಹುಮಾನ ಬಂತಾ?"

"ಅಕ್ಕಾ, ಒಂದು ವಿಷಯ..."

"ತಡಿ, ಮೊದ್ಲು ಇದು ಕೇಳು. ನನ್ನ ಮಗಳ ಮೊದಲನೇ ಹಾಲುಹಲ್ಲು ಇವತ್ತು ಬಿತ್ತು. ಯಾರಿಗೂ ಮುಟ್ಟೋಕೇ ಬಿಡ್ತಿಲ್ಲ ಮಾರಾಯ್ತಿ. ಚಿಕ್ಕಮ್ಮಂಗೇ ಕೊಡ್ಬೇಕು ಅಂತ ಡಬ್ಬೀಲಿ ಇಟ್ಕೊಂಡು ಬಾಗಿಲಲ್ಲೇ ಕೂತಿದಾಳೆ."