ಎರವಲು ಕೋಟು

“ಶ್ಯಾಮಣ್ಣ, ಈ ಹುಡುಗೀನ ಒಂಚೂರು ಬೆಳ್ಳಗೆ ಮಾಡಿ. ಇವಳು ಪಕ್ಕ ನಿಂತ್ರೆ ನಮ್ಮ ಹೀರೋಯಿನ್ನೇ ಬೆಳ್ಳಗೆ ಕಾಣ್ತಾರೆ!”

ನಿರ್ದೇಶಕ ಹರ್ಷವರ್ಧನ್ ಮೇಕಪ್ಪಿನವನಿಗೆ ಹೀಗೆಂದಾಗ ಭಾಗ್ಯಶ್ರೀಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು. ಅವಳು ಕೆಲಸ ಮಾಡುವ ಪೀಣ್ಯದ ವರ್ಕ್‌ಶಾಪಿನಲ್ಲಿ ಬೆಳಗಿನಿಂದ ತೆಗೆಯುತ್ತಿದ್ದುದು ಕಪ್ಪು ಹುಡುಗಿಯೊಬ್ಬಳ ಸ್ವಾಭಿಮಾನದ ಸಿನಿಮಾ. ಹಾಲಿನಂಥ ಬಣ್ಣದ ನಾಯಕಿಯನ್ನು ಎರಡು ಗಂಟೆ ಕೂರಿಸಿ ಮುಖ, ಕತ್ತು, ಕೈಗೆಲ್ಲ ಕಪ್ಪು ಬಳಿದಿದ್ದರು. ಬಣ್ಣ ಕಲಸುವಾಗ ಶ್ಯಾಮಣ್ಣ ಮತ್ತೆ ಮತ್ತೆ ನೋಡಿಕೊಂಡದ್ದು ಭಾಗ್ಯಶ್ರೀಯ ಮುಂಗೈಯನ್ನೇ. ಎಣ್ಣೆಯ ಕಲೆ ಅಸಲಿಯಾಗಿರಲಿ ಎಂದು ಅವಳ ನೀಲಿ ಕೋಟನ್ನೂ ನಾಯಕಿಗೆ ತೊಡಿಸಿ, ಇವಳಿಗೊಂದು ಹೊಸ ಕೋಟು ಕೊಟ್ಟಿದ್ದರು. ಅವಳ ಡ್ರಿಲ್ಲಿಂಗ್ ಮಷೀನಿನ ಮುಂದೆಯೂ ಈಗ ನಾಯಕಿಯೇ.

ಹೋಗಲಿ ಬಿಡಿ, ಅದಕ್ಕೆಲ್ಲ ಭಾಗ್ಯಶ್ರೀಗೆ ಬೇಸರವಿರಲಿಲ್ಲ. ಅವಳಿಗೆ ನಾಯಕಿಯ ಗೆಳತಿಯ ಪಾತ್ರ ಸಿಕ್ಕಿತ್ತು. ಒಂದೇ ಒಂದು ಮಾತು: “ನಿನ್ನ ಬಣ್ಣಕ್ಕೆ ನೀನ್ಯಾಕೆ ನಾಚ್ಕೋಬೇಕು?” ಮೂರು ದಿನದಿಂದ ಅದನ್ನು ಬಾಯಿಪಾಠ ಮಾಡಿದ್ದಳು. ಹೋದ ತಿಂಗಳು ಗಂಗಾವತಿಯಿಂದ ಬಂದ ಗಂಡಿನವರು ಅವಲಕ್ಕಿ ತಿಂದು, ಚಹಾ ಕುಡಿದು, “ಹುಡುಗಿ ಬಣ್ಣ ಸ್ವಲ್ಪ ಕಡಿಮಿ ಆತು” ಎಂದು ಎದ್ದು ಹೋಗಿದ್ದರು. ಆ ಪುಣ್ಯಾತ್ಮರು ಟಿಕೆಟ್ ತೆಗೆದುಕೊಂಡು ಕೂತು, ಪರದೆಯ ಮೇಲೆ ಆಳೆತ್ತರಕ್ಕೆ ಇದೇ ಮುಖವನ್ನು ನೋಡಬೇಕು. ಅವಳಿಗಿದ್ದದ್ದು ಅದೊಂದೇ ಆಸೆ.

“ಸರ್, ನನಗ ಬಣ್ಣ ಯಾಕ್ರಿ? ಸಿನಿಮಾನ ಕರಿ ಹುಡುಗೀದಲ್ರಿ?”

“ಕಥೇಲಿ ಕಪ್ಪು ಹುಡುಗಿ ಒಬ್ಬಳೇ ಇರ್ಬೇಕಮ್ಮ. ಇಲ್ದಿದ್ರೆ ಜನಕ್ಕೆ ಕನ್‌ಫ್ಯೂಸ್ ಆಗುತ್ತೆ.”

ಶ್ಯಾಮಣ್ಣ ಅವಳ ಕಣ್ಣು ತಪ್ಪಿಸಿ ಮುಖಕ್ಕೆ ಪಫ್ ಒತ್ತತೊಡಗಿದ. ಕನ್ನಡಿಯಲ್ಲಿ ನೋಡಿದರೆ ಹಿಟ್ಟಿನ ಗಿರಣಿಯಿಂದ ಎದ್ದು ಬಂದವರಂತೆ ಯಾರೋ ಕೂತಿದ್ದರು. ಒಂದು ಮಾತಾದರೂ ಸಿಕ್ಕಿದೆಯಲ್ಲ ಎಂದುಕೊಂಡು ಭಾಗ್ಯಶ್ರೀ ಎದ್ದು, ಬಾಗಿಲ ಬಳಿ ಶಾಟಿಗೆ ಕಾಯುತ್ತ ನಿಂತಳು.

ಅಷ್ಟರಲ್ಲಿ ಅವಳ ತಾಯಿ ಸಿದ್ದಕ್ಕ, ರಾಜಗೋಪಾಲನಗರದ ಮನೆಯಿಂದ ಊಟದ ಡಬ್ಬಿ ಹಿಡಿದು ಬಂದಳು. ಬಾಗಿಲಲ್ಲೇ ನಿಂತಿದ್ದ ಭಾಗ್ಯಶ್ರೀಯನ್ನು, “ಸ್ವಲ್ಪ ಸರೀರಿ ಅಕ್ಕಾರ” ಎಂದು ಪಕ್ಕಕ್ಕೆ ಸರಿಸಿ, ಲೈಟು ಕ್ಯಾಮೆರಾ ಒಂದನ್ನೂ ಲೆಕ್ಕಿಸದೆ ನೆಟ್ಟಗೆ ಮಷೀನಿನ ಹತ್ತಿರ ಹೋದಳು. ತಾನೇ ತೇಪೆ ಹಾಕಿದ್ದ ಕೋಟಿನ ಬೆನ್ನ ಮೇಲೆ ಕೈಯಿಟ್ಟು, “ಭಾಗ್ಯಾ, ರೊಟ್ಟಿ ಆರತಾವ, ಉಣ್ಣಾಕ ಬಾ” ಎಂದಳು. ನಾಯಕಿ ಬೆಚ್ಚಿ ತಿರುಗಿದಳು.

ಸೆಟ್ಟಿಗೆ ಸೆಟ್ಟೇ ಗೊಳ್ಳೆಂದು ನಕ್ಕಿತು. ಹರ್ಷವರ್ಧನ್‌ನ ಸಂಭ್ರಮವಂತೂ ಕೇಳುವುದೇ ಬೇಡ. “ನೋಡಿದ್ರಾ! ಹೆತ್ತ ತಾಯಿಗೇ ಗೊತ್ತಾಗ್ಲಿಲ್ಲ! ಶ್ಯಾಮಣ್ಣ, ನಿಮ್ಮ ಕೈಗೆ ಬಂಗಾರದ ಕಡಗ ಹಾಕ್ಬೇಕು!”

ಭಾಗ್ಯಶ್ರೀ ಮಾತ್ರ ಅಲ್ಲಿ ನಿಲ್ಲಲಿಲ್ಲ. ಹಿತ್ತಿಲ ನಲ್ಲಿಗೆ ಹೋದವಳೇ ಗ್ರೀಸು ತೊಳೆಯುವ ಸೋಪು ಹಾಕಿ ಗಸಗಸ ಮುಖ ತಿಕ್ಕಿಕೊಂಡು ಬಂದಳು.

“ಅಯ್ಯೋ, ಏನಮ್ಮ ಇದು! ಶಾಟ್ ರೆಡಿ ಇದೆ. ನಿನಗೆ ಡೈಲಾಗ್ ಬೇಡ್ವಾ?”

“ನಮ್ಮವ್ವಗ ನನ್ನ ಗುರುತು ಸಿಗಲಿಲ್ರಿ ಸರ್. ಇನ್ನ ಗಂಗಾವತಿಯವರಿಗೆ ಎಲ್ಲಿ ಸಿಗತೈತ್ರಿ?” ಎಂದಳು ಭಾಗ್ಯಶ್ರೀ. ನಿರ್ದೇಶಕನಿಗೆ ತಲೆಬುಡ ತಿಳಿಯಲಿಲ್ಲ. ಅವಳು ನಾಯಕಿಯ ಕಡೆ ತಿರುಗಿ, “ಮೇಡಂ, ನನ್ನ ಕೋಟು ಕೊಟ್ಟುಬಿಡ್ರಿ” ಎಂದಳು.

ನಾಯಕಿ ಬಿಚ್ಚಿಕೊಟ್ಟಳು. ಸಿದ್ದಕ್ಕ ಕೋಟನ್ನು ಬೆಳಕಿಗೆ ಹಿಡಿದು ನೋಡಿದಳು. ಕಾಲರಿನ ಒಳಗೆಲ್ಲ ಕಪ್ಪು ಮೆತ್ತಿಕೊಂಡಿತ್ತು.

“ಇದು ಹೋಗತೈತೇನಪಾ?”

ಶ್ಯಾಮಣ್ಣ ಕೈಯಲ್ಲಿದ್ದ ಪಫ್ ಕೆಳಗಿಟ್ಟ. “ಹೋಗುತ್ತೆ ತಾಯಿ. ಸಿನಿಮಾದ ಕಪ್ಪು ಅದು, ಒಂದೇ ಒಗೆತಕ್ಕೆ ಹೋಗುತ್ತೆ.”