ಒಗೆಯದ ಸೀರೆ

ಚಹಾದಂಗಡಿಯಲ್ಲಿ ಕೂತು "ಸರ್ಕಾರ ಹೆಂಗಸರಿಗೆ ಬಿಟ್ಟಿ ಕೊಟ್ಟು ಕೊಟ್ಟು ಹಾಳು ಮಾಡ್ತು" ಎನ್ನುವ ಅಣ್ಣಂದಿರೇ... ಇದನ್ನು ಪೂರ್ತಿ ಓದಿ. ಆಮೇಲೆ ಬಾಯಿ ತೆಗೆಯಿರಿ.

ನಮ್ಮೂರ ಪಂಚಾಯ್ತಿ ಪಕ್ಕದಲ್ಲಿ ಒಂದು ಖೋಲಿ ಇದೆ. ಬಾಗಿಲ ಮೇಲೆ 'ಕೂಸಿನ ಮನೆ' ಎಂದು ಬರೆದಿದೆ.

ಉದ್ಯೋಗ ಖಾತ್ರಿಯಲ್ಲಿ ಕೆರೆ ಹೂಳು ಎತ್ತಲು ಹೋಗುವ ತಾಯಂದಿರು ಮಕ್ಕಳನ್ನು ಅಲ್ಲಿ ಬಿಟ್ಟು ಹೋಗುತ್ತಾರೆ.

ಮೊದಲು ಎಲ್ಲಿ ಬಿಡುತ್ತಿದ್ದರು ಗೊತ್ತೇ? ಕೆರೆ ದಂಡೆಯ ಜಾಲಿ ಗಿಡದ ಕೆಳಗೆ... ಹುಲಿಗೆವ್ವನ ಕೂಸಿನ ತೊಡೆಯ ಮೇಲೆ ಇರುವೆ ಕಚ್ಚಿದ ಕಲೆ ಇನ್ನೂ ಇದೆ.

ಹುಲಿಗೆವ್ವ ಗಂಡ ಸತ್ತ ಹೆಂಗಸು. ಕೂಸು ಬಿಡಲು ಜಾಗವಿದ್ದರೆ ಅವಳಿಗೆ ಕೂಲಿ. ಇಲ್ಲದಿದ್ದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ.

ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವವಳು ಹನಮವ್ವ. ಅವಳದು ಒಂದೇ ಕಾನೂನು...

"ಉಟ್ಟ ಸೀರಿ ಒಂದು ತಂದು ಕೊಡ್ರಬೇ. ಒಗದಿರಬಾರದು ಮತ್ತ!"

ಆ ಸೀರೆಯಲ್ಲೇ ಅವಳು ಜೋಲಿ ಕಟ್ಟುತ್ತಾಳೆ. ಅವ್ವನ ಮೈವಾಸನೆ ಮೂಗಿಗೆ ಬಡಿದರೆ ಸಾಕು... ಕೂಸು ನಿದ್ದೆಗೆ ಜಾರಿತು.

ಹೀಗಿರುವಾಗ ಪಂಚಾಯ್ತಿ ಮೆಂಬರ್ ಚಂದಪ್ಪನ ಕಣ್ಣು ಆ ಖೋಲಿಯ ಮೇಲೆ ಬಿತ್ತು. ಅವನಿಗೆ ಗೊಬ್ಬರದ ಚೀಲ ಇಡಲು ಜಾಗ ಬೇಕಂತೆ!

"ಅಲ್ಲಿ ಮಕ್ಕಳು ದಿನಪೂರ್ತಿ ಅಳುತ್ತವೆ, ಕೇಳುವವರೇ ಇಲ್ಲ" ಎಂದು ಮೇಲಿನವರಿಗೆ ದೂರು ಹೇಳಿದ. ನೋಡಲು ತಾಲ್ಲೂಕು ಆಫೀಸಿನಿಂದ ಅಧಿಕಾರಿ ಮೇಡಂ ಬರುತ್ತಾರೆಂದು ಸುದ್ದಿ ಬಂತು.

ಮಕ್ಕಳು ಅತ್ತರೆ ಖೋಲಿಗೆ ಬೀಗ... ಹುಲಿಗೆವ್ವನ ಕೂಸು ಮತ್ತೆ ಜಾಲಿ ಗಿಡದ ಕೆಳಗೆ.

ಹನಮವ್ವ ಗಾಬರಿಯಾದಳು. ನೆಲ ಸಾರಿಸಿದಳು, ತಾಟು ಲೋಟ ತಿಕ್ಕಿದಳು. ಮೇಡಂ ಮುಂದೆ ಮಾಸಿದ ಬಟ್ಟೆ ಇರಬಾರದೆಂದು ಜೋಲಿಯ ಸೀರೆಗಳನ್ನೆಲ್ಲ ಸೋಪು ಹಚ್ಚಿ, ಕಲ್ಲಿಗೆ ಬಡಿದು ಒಗೆದುಬಿಟ್ಟಳು!

ಮರುದಿನ ಮೇಡಂ ಬಂದರು. ನಾನು ಟ್ಯಾಂಕರ್ ತಂದು ಅಲ್ಲೇ ನೀರಿನ ಡ್ರಮ್ಮು ತುಂಬಿಸುತ್ತಿದ್ದೆ.

ಖೋಲಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆದರೆ ಒಂದು ಕೂಸು ಅಳಲು ಶುರುಮಾಡಿತು... ಅದನ್ನು ನೋಡಿ ಇನ್ನೊಂದು... ಆಮೇಲೆ ಎಲ್ಲವೂ.

ತೂಗಿದರೂ ಇಲ್ಲ, ಹಾಡಿದರೂ ಇಲ್ಲ. ಹನಮವ್ವ ಬೆವೆತು ಹೋದಳು.

ಮೇಡಂ ಸೆರಗನ್ನು ಎದೆಗೆ ಬಿಗಿಯಾಗಿ ಒತ್ತಿ ಹಿಡಿದು ಗೋಡೆಗೆ ಒರಗಿ ನಿಂತಿದ್ದರು. ಮುಖ ಕೆಂಪಗಾಗಿತ್ತು. ಸಿಟ್ಟು ಬಂದಿದೆ, ಮುಗೀತು ಕಥೆ... ಅಂದುಕೊಂಡೆವು.

ಚಂದಪ್ಪನ ಬಾಯಿ ಸುಮ್ಮನಿರುತ್ತದೆಯೇ? "ನೋಡ್ರಿ ಮೇಡಂ, ನಾ ಸುಳ್ಳು ಹೇಳಿದ್ನೇನು? ತಾಯಂದ್ರು ಮನ್ಯಾಗ ಇರಬೇಕ್ರಿ. ಸರಕಾರ ಏನ್ ಇವರ ಮಕ್ಕಳಿಗೆ ಆಯಾ ಕೆಲಸ ಮಾಡಬೇಕೇನು?"

ಕೈಯಲ್ಲಿದ್ದ ಪೈಪನ್ನು ಅವನ ಬಾಯಿಗೇ ಬಿಡಬೇಕೆನಿಸಿತು. ಹಲ್ಲು ಕಚ್ಚಿ ನಿಂತೆ.

ಅಷ್ಟರಲ್ಲಿ ಬುತ್ತಿ ಬಿಚ್ಚುವ ಹೊತ್ತಾಗಿ, ಕೂಸಿಗೆ ಹಾಲು ಕುಡಿಸಲು ಹುಲಿಗೆವ್ವ ಓಡಿ ಬಂದಳು. ಮೈಯೆಲ್ಲ ಕೆರೆ ಮಣ್ಣು.

ಕೈ ತೊಳೆಯುವವರೆಗೆ ಕೂಸು ತಡೆಯಲಿ ಎಂದು, ತಲೆಗೆ ಸುತ್ತಿದ್ದ ಬೆವರಿನ ಬಟ್ಟೆ ಬಿಚ್ಚಿ ಜೋಲಿಯೊಳಗೆ ಹಾಕಿದಳು.

ಕೂಸು ಅದನ್ನು ಮುಷ್ಟಿಯಲ್ಲಿ ಹಿಡಿದು ಮೂಗಿಗೆ ಒತ್ತಿಕೊಂಡಿತು... ಒಂದೆರಡು ಬಿಕ್ಕು... ಅಷ್ಟೇ. ಗಪ್‌ಚಿಪ್.

ಹನಮವ್ವ ಹಣೆ ಬಡಿದುಕೊಂಡಳು. "ಅಯ್ಯ ನನ ಶಿವನ! ನೀವು ಬರ್ತೀರಂತ ಸೀರಿ ಎಲ್ಲಾ ಒಗದು ಹಾಕಿದ್ನಿರಿ ಮೇಡಂ! ಅವ್ವನ ವಾಸನಿನ ಹೋತು... ಅದಕ್ಕ ಅಳಾಕ ಹತ್ಯಾವು!"

ಮೇಡಂ ಮೆಲ್ಲಗೆ ಕೇಳಿದರು. "ವಾಸನೆ ಇದ್ದರೆ... ಸಾಕಾ?"

ಅಷ್ಟೇ. ಅವರ ಕಣ್ಣಿಂದ ನೀರು ಇಳಿಯಿತು.

ಹನಮವ್ವ ಅವರ ಸೆರಗಿನ ಕಡೆ ಒಮ್ಮೆ ನೋಡಿದಳು. ಮರುಕ್ಷಣ ನಮ್ಮ ಕಡೆ ತಿರುಗಿದಳು. "ಗಂಡಸರು ಹೊರಗ ನಡೀರಿ! ಚಂದಪ್ಪ, ನೀನೂ ನಡಿಯಪ!"

ಬಾಗಿಲು ಮುಚ್ಚಿತು. ಒಳಗೆ ನಡೆದದ್ದನ್ನು ಆಮೇಲೆ ಕೇಳಿ ತಿಳಿದೆ. ಬರೆಯಬಹುದೇ ಎಂದು ಮೇಡಂ ಅವರನ್ನೇ ಕೇಳಿದ್ದೇನೆ. "ಬರಿ... ಹೆಸರು ಮಾತ್ರ ಬೇಡ" ಅಂದರು.

ಅವರೂ ಹಾಲುಣಿಸುವ ತಾಯಿ. ಹೆರಿಗೆ ರಜೆ ಮುಗಿಸಿ ಈಗಷ್ಟೇ ಕೆಲಸಕ್ಕೆ ಮರಳಿದ್ದರು. ಮಕ್ಕಳ ಅಳು ಕೇಳಿ ಎದೆಹಾಲು ಸೋರಿ ರವಿಕೆ ಒದ್ದೆಯಾಗಿತ್ತು... ನಾವು ಸಿಟ್ಟು ಅಂದುಕೊಂಡದ್ದು ಅದು.

"ನಿಮ್ಮ ಕೂಸು ಎಲ್ಲೈತಿ ಯವ್ವಾ?"

"ಮನೇಲಿ... ಕೆಲಸದವಳ ಹತ್ತಿರ. ದಿನಾ ಅಳ್ತಾಳಂತೆ. ಬೆಳಿಗ್ಗೆ ಬರುವಾಗ ನಾನು ತಿರುಗಿ ನೋಡೋದೇ ಇಲ್ಲ ಹನಮವ್ವ... ನೋಡಿದರೆ ಕಾಲು ಮುಂದಕ್ಕೆ ಹೋಗಲ್ಲ."

ಹನಮವ್ವ ತಾನು ಒಗೆದಿದ್ದ ಸೀರೆಯನ್ನೇ ಅವರ ಮೈಮೇಲೆ ಹೊದಿಸಿದಳು. "ನಾಳಿಗೆ ನೀವು ಉಟ್ಟ ಸೀರಿ ಬಿಟ್ಟು ಬರ್ರಿ. ಒಗೀಬ್ಯಾಡ್ರಿ ಮತ್ತ... ನಾ ಒಗದು ಏನಾತು ನೋಡಿದ್ರಲ್ಲ!"

ಅಳುತ್ತಲೇ ಮೇಡಂ ನಕ್ಕುಬಿಟ್ಟರಂತೆ.

ಹೊರಗೆ ಬಂದು ಚಂದಪ್ಪನಿಗೆ ಒಂದೇ ಮಾತು ಹೇಳಿದರು. "ಖೋಲಿ ಮಕ್ಕಳಿಗೇ ಇರುತ್ತೆ."

ಹಿಂದಿನಿಂದ ಹುಲಿಗೆವ್ವ ಕೂಸಿಗೆ ಹಾಲು ಕುಡಿಸುತ್ತ ಕೂಗಿದಳು. "ಮೆಂಬರ್ ಸಾಹೇಬ್ರ, ಗೊಬ್ಬರದ ಚೀಲ ಜಾಲಿ ಗಿಡದ ಬುಡಕ್ಕ ಇಡ್ರಿ! ಅವಕ್ಕೇನು ಇರುವಿ ಕಚ್ಚಂಗಿಲ್ಲ!"

ಮರುದಿನ ಮಧ್ಯಾಹ್ನ ಹನಮವ್ವನ ಫೋನ್ ರಿಂಗಾಯಿತು. ಆ ಕಡೆಯಿಂದ ಪಿಸುಮಾತು...

"ಹನಮವ್ವ... ಮಲಗಿದಳಂತೆ."

ಆಮೇಲೆ ಮೇಡಂ ಹೇಳಿದರಂತೆ. "ನಮ್ಮ ಆಫೀಸಿಗೂ ಒಂದು ಕೂಸಿನ ಮನೆ ಕೇಳಿದ್ದೀನಿ. ಆದರೆ ಜೋಲಿ ಕಟ್ಟೋದು ಯಾರಿಗೂ ಬರಲ್ಲ... ನೀನೇ ಬಂದು ಕಲಿಸಬೇಕು."

ಹನಮವ್ವನ ಉತ್ತರ?

"ಬರ್ತೀನ್ರಿ ಯವ್ವಾ. ಒಗದ ಸೀರಿ ಇಟ್ಟಿದ್ರ ಮಾತ್ರ ವಾಪಸ್ ಬರ್ತೀನಿ ನೋಡ್ರಿ!"

ಕೂಸು ನೆಮ್ಮದಿಯಾಗಿ ಮಲಗಿದರೆ ಮಾತ್ರ ತಾಯಿಯ ಕೈ ದುಡಿಯುತ್ತದೆ... ಅವಳು ಕೆರೆ ತೋಡುವವಳಾಗಲಿ, ಜೀಪಿನಲ್ಲಿ ಬರುವವಳಾಗಲಿ.

ನಿಮ್ಮವ್ವ ದುಡಿಯಲು ಹೋದಾಗ ನೀವು ಎಲ್ಲಿ, ಯಾರ ಕಣ್ಣೆದುರು ಮಲಗಿದ್ದಿರಿ... ಅವಳನ್ನು ಯಾವತ್ತಾದರೂ ಕೇಳಿದ್ದೀರಾ?